ಪ್ರೊ ಗಾಲ್ಫ್ ಟೂರ್ನಮೆಂಟ್‌ಗೆ ಕೋರ್ಸ್ ಆರಿಸುವುದು ಹೇಗೆ? ಹಗ್ಗದ ಆಚೆಯಿಂದ ಶುರು ಮಾಡಿ

ಸ್ಕಾಟ್ಲೆಂಡಿನ ಪ್ರೆಸ್ಟ್‌ವಿಕ್ ಅಂದರೆ ಓಪನ್ ಚಾಂಪಿಯನ್‌ಶಿಪ್‌ನ ತವರು. 1860ರಲ್ಲಿ ಮೊದಲ ಓಪನ್ ನಡೆದದ್ದು ಅಲ್ಲೇ. ಒಟ್ಟು 24 ಸಲ ಆ ಕೋರ್ಸ್ ಓಪನ್ ನಡೆಸಿಕೊಟ್ಟಿತು. ಕೊನೆಯ ಸಲ 1925ರಲ್ಲಿ. ಆ ವರ್ಷ ಮ್ಯಾಕ್‌ಡೊನಾಲ್ಡ್ ಸ್ಮಿತ್ ಐದು ಹೊಡೆತಗಳ ಮುನ್ನಡೆ ಇಟ್ಟುಕೊಂಡು ಕೊನೆಯ ಸುತ್ತಿಗೆ ಇಳಿದ. ಸ್ಕಾಟ್ಲೆಂಡಿನಲ್ಲೇ ಹುಟ್ಟಿದವನು, ಗೆದ್ದೇ ಗೆಲ್ಲುತ್ತಾನೆ ಅಂತ ಜನ ಸಾವಿರಗಟ್ಟಲೆ ಅವನ ಹಿಂದೆ ಬಿದ್ದರು. ತಡೆಯುವವರು ಯಾರೂ ಇರಲಿಲ್ಲ. ಫೇರ್‌ವೇ, ಅಂದರೆ ಚೆಂಡು ಹೊಡೆದುಕೊಂಡು ಹೋಗುವ ಹುಲ್ಲುದಾರಿ, ತುಂಬ ಜನ. ಒಂದೊಂದು ಹೊಡೆತಕ್ಕೂ ಅವನು ನಿಂತು ಕಾಯಬೇಕಾಯಿತು. ಕಡಿಮೆ ಹೊಡೆತದವನು ಗೆಲ್ಲುವ ಆಟದಲ್ಲಿ 82 ಹೊಡೆದು ಸೋತ. ಜಿಮ್ ಬಾರ್ನ್ಸ್ ಗೆದ್ದ. ಓಪನ್ ಮತ್ತೆ ಪ್ರೆಸ್ಟ್‌ವಿಕ್ ಕಡೆಗೆ ತಿರುಗಲೇ ಇಲ್ಲ.

ಕೋರ್ಸ್‌ನಲ್ಲಿ ಏನಾದರೂ ದೋಷ ಇತ್ತಾ? ಇಲ್ಲ. ಹೋಲ್‌ಗಳು (ಮೊದಲ ಹೊಡೆತದ ಜಾಗದಿಂದ ಕುಳಿಯವರೆಗಿನ ಒಂದೊಂದು ಭಾಗ) ಅವತ್ತೂ ಚೆನ್ನಾಗಿದ್ದವು, ಇವತ್ತೂ ಚೆನ್ನಾಗಿವೆ. ಅಷ್ಟು ಜನರನ್ನು ತಾಳಿಕೊಳ್ಳುವ ಜಾಗ ಮಾತ್ರ ಇರಲಿಲ್ಲ.

ಅದಕ್ಕೇ ನಾನು ಈ ಕೆಲಸವನ್ನು ತಿರುಗಾಮುರುಗಾ ಮಾಡಿ ಅಂತ ಹೇಳುವುದು. ಸಾಮಾನ್ಯವಾಗಿ ಎಲ್ಲರೂ ಮೊದಲು ನೋಡುವುದು ಹದಿನೆಂಟು ಹೋಲ್‌ಗಳನ್ನು. ಡಿಸೈನ್ ಮಾಡಿದವರು ಯಾರು, ಉದ್ದ ಎಷ್ಟು, ಫೋಟೋದಲ್ಲಿ ಹೇಗೆ ಕಾಣುತ್ತದೆ ಅಂತ. ನೀವು ಪ್ರೇಕ್ಷಕರನ್ನು ತಡೆಯುವ ಹಗ್ಗದ ಆಚೆ ನಿಂತು ಶುರು ಮಾಡಿ. ಹೋಲ್‌ಗಳ ಕಡೆಗೆ ಆಮೇಲೆ ಬನ್ನಿ.

ಹೆಜ್ಜೆ 1: ಯಾವ ಟೂರ್ನಮೆಂಟ್ ಅನ್ನುವುದನ್ನು ಮೊದಲು ತೀರ್ಮಾನಿಸಿ

"ಒಳ್ಳೆಯ ಕೋರ್ಸ್" ಅನ್ನುವ ಮಾತಿಗೆ ತಾನಾಗಿ ಅರ್ಥ ಬರುವುದಿಲ್ಲ. ಯಾವುದಕ್ಕೆ ಒಳ್ಳೆಯದು ಅನ್ನುವುದು ಮುಖ್ಯ.

ಒಟ್ಟು ಹೊಡೆತ ಎಣಿಸುವ ಸ್ಟ್ರೋಕ್ ಪ್ಲೇ ಮೇಜರ್ (ಅತಿ ದೊಡ್ಡ ಟೂರ್ನಮೆಂಟ್) ಆದರೆ ಮೊದಲೆರಡು ದಿನ ಸುಮಾರು 156 ಆಟಗಾರರು. ಬೆಳಕು ಹರಿದಾಗಿನಿಂದ ಕತ್ತಲಾಗುವವರೆಗೂ ಕೋರ್ಸ್ ಮೇಲೆ ಆಟ ನಡೆಯುತ್ತಲೇ ಇರುತ್ತದೆ. ಒಂದನೇ ಟೀ (ಹೋಲ್‌ನ ಮೊದಲ ಹೊಡೆತ ಹೊಡೆಯುವ ಜಾಗ) ಮತ್ತು ಹತ್ತನೇ ಟೀ ಎರಡೂ ಕ್ಲಬ್‌ಹೌಸ್ ಹತ್ತಿರ ಇದ್ದರೆ ಎರಡೂ ಕಡೆಯಿಂದ ಆಟ ಶುರು ಮಾಡಬಹುದು. ಹತ್ತನೇ ಟೀ ಎಲ್ಲೋ ದೂರದ ಮೂಲೆಯಲ್ಲಿದ್ದರೆ ಆಟಗಾರರನ್ನು ಗಾಡಿಯಲ್ಲಿ ಸಾಗಿಸಬೇಕು. ಆ ವಾರ ಹಗಲು ಎಷ್ಟು ಗಂಟೆ ಇರುತ್ತದೆ ಅಂತ ಲೆಕ್ಕ ಹಾಕಿ. ಮಂಜಿನಿಂದ ಎರಡು ಗಂಟೆ ತಡವಾದರೂ ಸುತ್ತು ಮುಗಿಯುತ್ತದಾ ಅಂತ ನೋಡಿ.

ರೈಡರ್ ಕಪ್ ಥರದ ತಂಡಗಳ ಪಂದ್ಯ ಆದರೆ ಕತೆಯೇ ಬೇರೆ. ಮೊದಲೆರಡು ದಿನ ಒಂದು ಹೊತ್ತಿಗೆ ಕೋರ್ಸ್ ಮೇಲೆ ಇರುವುದು ನಾಲ್ಕೇ ಮ್ಯಾಚ್. ಬಂದ ಜನರೆಲ್ಲ ಆ ನಾಲ್ಕು ಹೋಲ್‌ಗಳ ಸುತ್ತ ಮುತ್ತಿಕೊಳ್ಳುತ್ತಾರೆ. ಹಾಗಾಗಿ ನೋಡಲು ದಿಬ್ಬಗಳು ಬೇಕೇ ಬೇಕು. 2018ರಲ್ಲಿ ಪ್ಯಾರಿಸ್ ಹತ್ತಿರದ ಲ ಗಾಲ್ಫ್ ನ್ಯಾಷನಲ್ ಇದಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ಫೇರ್‌ವೇಗಳ ಪಕ್ಕದಲ್ಲೇ ಎತ್ತರದ ಹುಲ್ಲು ದಿಬ್ಬಗಳಿದ್ದವು, ಹಿಂದಿನ ಸಾಲಿನವರಿಗೂ ಚೆಂಡು ಕಾಣುತ್ತಿತ್ತು. ಇನ್ನೊಂದು ವಿಷಯ: ಒಂದೊಂದು ಹೋಲ್ ಗೆದ್ದು ಲೆಕ್ಕ ಹಾಕುವ ಮ್ಯಾಚ್ ಪ್ಲೇ ಎಷ್ಟೋ ಸಲ 15 ಅಥವಾ 16ನೇ ಹೋಲ್‌ಗೇ ಮುಗಿದುಹೋಗುತ್ತದೆ. ಅತ್ಯಂತ ರೋಚಕ ಹೋಲ್ 18ನೆಯದೇ ಆಗಿದ್ದರೆ ಅರ್ಧ ಜನ ಅದನ್ನು ನೋಡದೇ ಮನೆಗೆ ಹೋಗುತ್ತಾರೆ.

ಹೆಜ್ಜೆ 2: ಕೋರ್ಸ್ ಬಿಟ್ಟು ಉಳಿದ ಜಾಗ ಅಳೆಯಿರಿ

ಒಂದು ದೊಡ್ಡ ನಕ್ಷೆ ತೆಗೆದುಕೊಳ್ಳಿ. ಹದಿನೆಂಟು ಹೋಲ್‌ಗಳಿಗೂ ಬಣ್ಣ ಬಳಿದು ಮುಚ್ಚಿಬಿಡಿ. ಉಳಿದದ್ದರಲ್ಲಿ ಈಗ ಒಂದೊಂದಾಗಿ ಜೋಡಿಸಿ: ಟಿವಿ ವಾಹನಗಳ ಅಂಗಳ, ಅಭ್ಯಾಸದ ರೇಂಜ್, ಗ್ಯಾಲರಿ, ಊಟದ ಟೆಂಟ್, ಶೌಚಾಲಯ, ಪತ್ರಕರ್ತರ ಕೊಠಡಿ, ಸರಕು ಲಾರಿ ಓಡಾಡುವ ದಾರಿ, ಆಂಬುಲೆನ್ಸ್ ದಾರಿ. ರೇಂಜ್‌ನಲ್ಲಿ 300 ಗಜ ದಾಟಿ ಹೊಡೆಯುವವರು ಸಾಲಾಗಿ ನಿಲ್ಲುತ್ತಾರೆ ಅನ್ನುವುದು ನೆನಪಿರಲಿ. ಹಳೆಯ ಕ್ಲಬ್‌ಗಳ ರೇಂಜ್ ಎಷ್ಟೋ ಕಡೆ 250 ಗಜಕ್ಕೇ ಮುಗಿದಿರುತ್ತದೆ.

ಜಾಗ ಕಡಿಮೆ ಅಂದ ತಕ್ಷಣ ಬಿಟ್ಟುಬಿಡಬೇಕು ಅಂತಲ್ಲ. ಅಮೆರಿಕದ ಮೆರಿಯನ್ ಈಸ್ಟ್ ಕೋರ್ಸ್ ಸುಮಾರು 126 ಎಕರೆಯಷ್ಟೇ. 2013ರಲ್ಲಿ ಅಲ್ಲಿ ಯುಎಸ್ ಓಪನ್ ನಡೆಯಿತು. ಆಟಗಾರರು ಅಭ್ಯಾಸ ಮಾಡಿದ್ದು ಕ್ಲಬ್‌ನ ಇನ್ನೊಂದು ಕೋರ್ಸ್‌ನಲ್ಲಿ, ಅಲ್ಲಿಂದ ವಾಹನದಲ್ಲಿ ಬಂದು ಮೊದಲ ಟೀಗೆ ನಿಲ್ಲುತ್ತಿದ್ದರು. ಅಕ್ಕಪಕ್ಕದ ಮನೆಗಳ ಅಂಗಳದಲ್ಲೂ ಟೆಂಟ್ ಎದ್ದಿತ್ತು. ಟಿಕೆಟ್‌ಗಳನ್ನು ದಿನಕ್ಕೆ ಸುಮಾರು 25 ಸಾವಿರಕ್ಕೆ ಮಿತಿ ಮಾಡಿದ್ದರು. ಅಂದರೆ ಆ ಕೋರ್ಸ್ ಬೇಕೇ ಬೇಕು ಅಂತ ಸಂಘಟಕರು ಕಡಿಮೆ ಆದಾಯ ಮತ್ತು ಜಾಸ್ತಿ ತಲೆನೋವು ಎರಡನ್ನೂ ಒಪ್ಪಿಕೊಂಡರು. ನನಗಂತೂ ಅದು ಸರಿಯಾದ ತೀರ್ಮಾನ ಅನಿಸುತ್ತದೆ. ಆದರೆ ಅದನ್ನು ಕಣ್ಣು ಬಿಟ್ಟುಕೊಂಡು, ಮೊದಲೇ ಲೆಕ್ಕ ಹಾಕಿ ಮಾಡಬೇಕು.

ನಕ್ಷೆ ಆದ ಮೇಲೆ ಕಾಲ್ನಡಿಗೆ. ಇದನ್ನು ಬೇರೆಯವರಿಗೆ ಒಪ್ಪಿಸಬೇಡಿ. ಆಟಗಾರ ನಡೆಯುವ ದಾರಿ ಬಿಟ್ಟು, ಪ್ರೇಕ್ಷಕ ನಡೆಯುವ ದಾರಿಯಲ್ಲಿ ಹದಿನೆಂಟೂ ಹೋಲ್ ಸುತ್ತಿ ಬನ್ನಿ. ಎಲ್ಲಿ ಎರಡು ಹೋಲ್‌ಗಳ ಜನ ಒಂದೇ ಕಿರಿದಾದ ಜಾಗದಲ್ಲಿ ಎದುರುಬದುರಾಗುತ್ತಾರೆ? ವಯಸ್ಸಾದವರು ಯಾವ ಇಳಿಜಾರಿನಲ್ಲಿ ಜಾರುತ್ತಾರೆ? ವ್ಹೀಲ್‌ಚೇರ್ ಎಲ್ಲಿಯವರೆಗೆ ಹೋಗುತ್ತದೆ? 2015ರ ಯುಎಸ್ ಓಪನ್ ನಡೆದ ಚೇಂಬರ್ಸ್ ಬೇ ಟಿವಿಯಲ್ಲಿ ಅದ್ಭುತವಾಗಿ ಕಾಣುತ್ತಿತ್ತು. ಸಮುದ್ರ, ಮರಳು ದಿಬ್ಬ, ಪಕ್ಕದಲ್ಲೇ ರೈಲು. ಟಿಕೆಟ್ ತೆಗೆದುಕೊಂಡು ಬಂದವರ ಪಾಡು ಬೇರೆ. ಕಡಿದಾದ ಜಾರು ದಿಬ್ಬಗಳು, 8ನೇ ಹೋಲ್ ಪಕ್ಕದಲ್ಲಂತೂ ಜನ ನಡೆಯುವುದಕ್ಕೇ ಜಾಗ ಇರಲಿಲ್ಲ.

ಹೆಜ್ಜೆ 3: ರಸ್ತೆ, ರೈಲು, ಹಾಸಿಗೆ

ಇದು ಬೇಜಾರಿನ ಕೆಲಸ, ಆದರೆ ಬಿಡುವ ಹಾಗಿಲ್ಲ. ಕಾರ್ನೂಸ್ಟಿ ಎಷ್ಟು ಕಠಿಣ ಕೋರ್ಸ್ ಅಂತ ಗಾಲ್ಫ್ ನೋಡುವವರಿಗೆಲ್ಲ ಗೊತ್ತು. ಅಂಥ ಕೋರ್ಸ್‌ಗೆ 1975ರಿಂದ 1999ರವರೆಗೆ ಓಪನ್ ಬರಲಿಲ್ಲ. ಉಳಿದುಕೊಳ್ಳುವ ಅನುಕೂಲ ಸಾಲದಿದ್ದದ್ದು ಅದಕ್ಕೆ ದೊಡ್ಡ ಕಾರಣ. ಹೋಟೆಲ್ ಎದ್ದಿತು, ಓಪನ್ ವಾಪಸ್ ಬಂತು.

2024ರ ಸೆಪ್ಟೆಂಬರ್‌ನಲ್ಲಿ ವರ್ಜೀನಿಯಾದಲ್ಲಿ ನಡೆದ ಸೋಲ್‌ಹೈಮ್ ಕಪ್‌ನ ಮೊದಲ ಬೆಳಿಗ್ಗೆ ನೆನಪಿದೆಯಾ? ಪಾರ್ಕಿಂಗ್ ಜಾಗದಿಂದ ಕೋರ್ಸ್‌ಗೆ ಕರೆದೊಯ್ಯುವ ಬಸ್‌ಗಳು ಸಾಲಲಿಲ್ಲ. ಸಾವಿರಾರು ಜನ ಗಂಟೆಗಟ್ಟಲೆ ಸಾಲಿನಲ್ಲಿ ನಿಂತರು. ಮೊದಲ ಟೀ ಸುತ್ತಲಿನ ಗ್ಯಾಲರಿಯಲ್ಲಿ ಸಾಲುಸಾಲು ಸೀಟು ಖಾಲಿ. ಮಹಿಳಾ ಗಾಲ್ಫ್‌ನ ಅತಿ ದೊಡ್ಡ ತಂಡ ಪಂದ್ಯದ ಮೊದಲ ಹೊಡೆತ ಆ ಖಾಲಿ ಸೀಟುಗಳ ಎದುರು ಬಿತ್ತು. ಕೋರ್ಸ್ ಚೆನ್ನಾಗಿತ್ತು, ಆಟವೂ ಚೆನ್ನಾಗಿತ್ತು. ಆದರೂ ಆ ಬೆಳಿಗ್ಗೆ ಬಂದವರಿಗೆ ನೆನಪಿರುವುದು ಬಸ್ಸಿನ ಸಾಲೇ.

ಹಾಗಾಗಿ ಲೆಕ್ಕ ಹೀಗೆ ಹಾಕಿ: ದಿನಕ್ಕೆ ಎಷ್ಟು ಜನ ಅಂತ ಕೇಳಬೇಡಿ. ಬೆಳಗಿನ ಎರಡು ಗಂಟೆಯಲ್ಲಿ ಎಷ್ಟು ಜನ ಒಳಗೆ ಬರಬೇಕು, ಸಂಜೆ ಒಂದು ಗಂಟೆಯಲ್ಲಿ ಎಷ್ಟು ಜನ ಹೊರಗೆ ಹೋಗಬೇಕು ಅಂತ ಕೇಳಿ. ಕೋರ್ಸ್‌ಗೆ ಒಂದೇ ರಸ್ತೆ ಇದ್ದರೆ ಅದರ ಮೇಲೆ ಒಂದು ಲಾರಿ ಕೆಟ್ಟು ನಿಂತರೆ ಏನು ಮಾಡುತ್ತೀರಿ ಅನ್ನುವುದಕ್ಕೂ ಉತ್ತರ ಇರಲಿ.

ಹೆಜ್ಜೆ 4: ಮಣ್ಣು, ನೀರು, ಹುಲ್ಲು, ವಾರ

ಮಣ್ಣು ಮರಳಾಗಿದ್ದರೆ ಅರ್ಧ ಕೆಲಸ ಆದ ಹಾಗೆ. ಮಳೆ ಸುರಿದು ನಿಂತ ಅರ್ಧ ಗಂಟೆಗೆ ಆಟ ಶುರು ಮಾಡಬಹುದು. ಜೇಡಿ ಮಣ್ಣಾದರೆ ನೀರು ನಿಲ್ಲುತ್ತದೆ, ಜನ ತುಳಿದು ಕೆಸರಾಗುತ್ತದೆ, ಪಾರ್ಕಿಂಗ್ ಹೊಲದಲ್ಲಿ ಕಾರು ಹೂತುಹೋಗುತ್ತದೆ. ದುಡ್ಡಿದ್ದರೆ ಕೆಲವು ಪರಿಹಾರ ಉಂಟು. ಅಗಸ್ಟಾ ನ್ಯಾಷನಲ್‌ನಲ್ಲಿ ಗ್ರೀನ್‌ಗಳ (ಕುಳಿ ಇರುವ ನುಣುಪು ಹುಲ್ಲಿನ ಜಾಗ) ಕೆಳಗೆ ಕೊಳವೆ ಹಾಕಿ ತೇವವನ್ನು ಕೆಳಗಿನಿಂದಲೇ ಎಳೆದುಬಿಡುವ ಯಂತ್ರ ಇದೆ. ಎಲ್ಲ ಕ್ಲಬ್‌ಗೂ ಅದು ಆಗುವ ಮಾತಲ್ಲ.

ಹುಲ್ಲಿನ ವಿಷಯದಲ್ಲಿ ಕ್ಯಾಲೆಂಡರ್ ಮತ್ತು ಕೋರ್ಸ್ ಜೊತೆಯಾಗಿ ಹೋಗಬೇಕು. ಬೆಂಟ್ ಹುಲ್ಲಿಗೆ ತಂಪು ಬೇಕು, ಬರ್ಮುಡಾ ಹುಲ್ಲಿಗೆ ಬಿಸಿಲು ಬೇಕು. ಪೈನ್‌ಹರ್ಸ್ಟ್ ನಂ. 2ರಲ್ಲಿ 2014ರ ಯುಎಸ್ ಓಪನ್ ಮುಗಿದ ಮೇಲೆ ಬೆಂಟ್ ಗ್ರೀನ್‌ಗಳನ್ನು ತೆಗೆದು ಬರ್ಮುಡಾ ಹಾಕಿದರು. ಅಲ್ಲಿನ ಬೇಸಿಗೆಗೆ ಅದೇ ತಾಳುತ್ತದೆ. ಚೇಂಬರ್ಸ್ ಬೇಯಲ್ಲಿ ಆದದ್ದು ಇನ್ನೊಂದು ಥರ. ಫೆಸ್ಕ್ಯೂ ಅನ್ನುವ ಹುಲ್ಲಿನ ಗ್ರೀನ್‌ಗಳಲ್ಲಿ ಪೋವಾ ಹುಲ್ಲು ನುಗ್ಗಿ ಬೆಳೆದಿತ್ತು. ಎರಡೂ ಬೇರೆ ಬೇರೆ ವೇಗದಲ್ಲಿ ಬೆಳೆಯುವುದರಿಂದ ಮಧ್ಯಾಹ್ನದ ಹೊತ್ತಿಗೆ ಗ್ರೀನ್ ಉಬ್ಬುತಗ್ಗಾಯಿತು. ಪಟ್ ಮಾಡಿದ (ಕುಳಿಯ ಕಡೆಗೆ ಉರುಳಿಸಿದ) ಚೆಂಡು ಕುಣಿಯುತ್ತಾ ಹೋಗುತ್ತಿತ್ತು. ಆಟಗಾರರು ಬಹಿರಂಗವಾಗಿಯೇ ಸಿಟ್ಟಾದರು. ಕೊನೆಗೆ ಆ ಗ್ರೀನ್‌ಗಳನ್ನೆಲ್ಲ ಪೂರ್ತಿ ಪೋವಾಕ್ಕೇ ಬದಲಿಸಿದರು.

ನೀರು ಎಲ್ಲಿಂದ ಬರುತ್ತದೆ ಅನ್ನುವುದನ್ನು ಕಾಗದದಲ್ಲಿ ನೋಡಿ. ಹವಾಯಿಯ ಕಪಾಲುವಾ ಎಷ್ಟೋ ವರ್ಷ ಪಿಜಿಎ ಟೂರ್‌ನ ಹೊಸ ವರ್ಷದ ಆಟಕ್ಕೆ ಮನೆಯಾಗಿತ್ತು. 2025ರಲ್ಲಿ ಬರ ಮತ್ತು ನೀರಿನ ಮಿತಿಯಿಂದ ಹುಲ್ಲು ಒಣಗಿತು, 2026ರ ಟೂರ್ನಮೆಂಟೇ ರದ್ದಾಯಿತು.

ನನ್ನ ಒಂದು ಕಟ್ಟುನಿಟ್ಟಿನ ನಿಯಮ: ಟೂರ್ನಮೆಂಟ್ ನಡೆಯುವ ಅದೇ ವಾರದಲ್ಲಿ, ಒಂದೆರಡು ವರ್ಷ ಮೊದಲೇ, ಕೋರ್ಸ್ ನೋಡಿ ಬನ್ನಿ. ಒಳ್ಳೆಯ ತಿಂಗಳಲ್ಲಿ ಯಾವ ಕೋರ್ಸ್ ಆದರೂ ಚೆನ್ನಾಗಿಯೇ ಕಾಣುತ್ತದೆ, ಅಲ್ವಾ?

ಹೆಜ್ಜೆ 5: ಈಗ ಗ್ರೀನ್ ಮೇಲೆ ಕಾಲಿಡಿ

ಇಲ್ಲಿ ನಿಧಾನ ಮಾಡಿ. ಆಟದ ಮಟ್ಟಿಗೆ ಒಂದು ಕೋರ್ಸ್ ಯೋಗ್ಯವಾ ಅಲ್ಲವಾ ಅನ್ನುವುದು ಬಹುಪಾಲು ತೀರ್ಮಾನವಾಗುವುದೇ ಗ್ರೀನ್‌ಗಳ ಮೇಲೆ.

ಕೈಗೆ ಸ್ಟಿಂಪ್‌ಮೀಟರ್ ತೆಗೆದುಕೊಳ್ಳಿ. ಮೂರು ಅಡಿ ಉದ್ದದ ಅಲ್ಯೂಮಿನಿಯಂ ಪಟ್ಟಿ, ನಡುವೆ ಉದ್ದಕ್ಕೂ ಚೆಂಡು ಉರುಳುವ ಕಾಲುವೆ, ಒಂದು ತುದಿಯ ಹತ್ತಿರ ಚೆಂಡು ಕೂರುವಷ್ಟು ಸಣ್ಣ ಕಚ್ಚು. ಸಮತಟ್ಟಾದ ಜಾಗದಲ್ಲಿ ಇನ್ನೊಂದು ತುದಿಯನ್ನು ಹುಲ್ಲಿಗೆ ಊರಿ, ಚೆಂಡು ಇಟ್ಟ ತುದಿಯನ್ನು ಮೆಲ್ಲಗೆ ಎತ್ತುತ್ತಾ ಹೋಗಿ. ಸುಮಾರು 20 ಡಿಗ್ರಿಗೆ ಬಂದಾಗ ಚೆಂಡು ತಾನಾಗಿ ಕಚ್ಚಿನಿಂದ ಬಿಡಿಸಿಕೊಂಡು ಉರುಳುತ್ತದೆ. ಎಷ್ಟು ಅಡಿ ಹೋಯಿತು ಅಳೆಯಿರಿ. ಮೂರು ಚೆಂಡು ಆ ಕಡೆಗೆ, ಮೂರು ಚೆಂಡು ಈ ಕಡೆಗೆ, ಎರಡರ ಸರಾಸರಿ. ಅದೇ ಗ್ರೀನ್‌ನ ವೇಗ. 1935ರಲ್ಲಿ ಓಕ್‌ಮಾಂಟ್‌ನ ಯುಎಸ್ ಓಪನ್‌ನಲ್ಲಿ ಗ್ರೀನ್‌ಗಳ ವೇಗ ಕಂಡು ದಂಗಾದ ಎಡ್ವರ್ಡ್ ಸ್ಟಿಂಪ್ಸನ್ ಮಾಡಿದ ಸಾಧನ ಇದು. ಆತ ಮಾಡಿದ್ದು ಮರದಲ್ಲಿ. ಇವತ್ತಿಗೂ ಇದಕ್ಕಿಂತ ಸರಳವಾದದ್ದು ಬಂದಿಲ್ಲ.

ಈಗ ಮುಖ್ಯ ಪ್ರಶ್ನೆ. ಟೂರ್ನಮೆಂಟ್ ವೇಗ 12 ಅಡಿ ಅಂತಿಟ್ಟುಕೊಳ್ಳಿ. ಆ ವೇಗದಲ್ಲಿ ಈ ಗ್ರೀನ್‌ನಲ್ಲಿ ಪಿನ್ (ಕುಳಿಯ ಬಾವುಟದ ಕೋಲು) ಇಡಲು ಎಷ್ಟು ಜಾಗ ಉಳಿಯುತ್ತದೆ? ಕುಳಿಯ ಸುತ್ತ ಕೆಲವು ಅಡಿ ನೆಲ ಹೆಚ್ಚುಕಮ್ಮಿ ಸಮವಾಗಿರಬೇಕು. ತಪ್ಪಿದ ಪಟ್ ಕುಳಿ ದಾಟಿ ಸ್ವಲ್ಪ ದೂರದಲ್ಲಿ ನಿಲ್ಲಬೇಕು. ಇಳಿಜಾರು ಶೇಕಡಾ 3 ದಾಟಿದರೆ ಆ ವೇಗದಲ್ಲಿ ಚೆಂಡು ನಿಲ್ಲುವುದೇ ಕಷ್ಟ. ಪ್ರತಿ ಗ್ರೀನ್‌ನಲ್ಲಿ ಹೀಗೆ ಕನಿಷ್ಠ ನಾಲ್ಕು ಜಾಗ ಬೇಕು, ನಾಲ್ಕು ಸುತ್ತಿಗೆ ನಾಲ್ಕು. ಒಂದು ಎಡಕ್ಕೆ, ಒಂದು ಬಲಕ್ಕೆ, ಒಂದು ಮುಂದೆ, ಒಂದು ಹಿಂದೆ ಇದ್ದರೆ ಇನ್ನೂ ಒಳ್ಳೆಯದು. ಹದಿನೆಂಟು ಗ್ರೀನ್‌ಗೂ ಸಣ್ಣ ಚಿತ್ರ ಬರೆದು ಗುರುತು ಹಾಕಿಕೊಳ್ಳಿ. ಎರಡೇ ಜಾಗ ಸಿಕ್ಕುವ ಗ್ರೀನ್ ಇದ್ದರೆ ಅದಕ್ಕೆ ಕೆಂಪು ಶಾಯಿ.

ಇಷ್ಟೆಲ್ಲ ಯಾಕೆ ಅಂದರೆ ಶಿನ್ನೆಕಾಕ್ ಹಿಲ್ಸ್. ಅಮೆರಿಕದ ಅತಿ ಸುಂದರ ಕೋರ್ಸ್‌ಗಳಲ್ಲಿ ಒಂದು. 2004ರ ಯುಎಸ್ ಓಪನ್‌ನ ಕೊನೆಯ ದಿನ ಗಾಳಿ ಬೀಸಿ, ಬಿಸಿಲು ಬಿದ್ದು, 7ನೇ ಗ್ರೀನ್ ಗಾಜಿನ ಹಾಗಾಯಿತು. ಆ ಗ್ರೀನ್ ಮುಂದಿನಿಂದ ಹಿಂದಕ್ಕೆ ವಾಲಿದೆ. ಒಳ್ಳೆಯ ಹೊಡೆತವೂ ಅಲ್ಲಿ ನಿಲ್ಲದೆ ಹೊರಗೆ ಜಾರುತ್ತಿತ್ತು. ಆಟ ನಡೆಯುತ್ತಿರುವಾಗಲೇ ಗುಂಪುಗಳ ನಡುವೆ ಗ್ರೀನ್‌ಗೆ ನೀರು ಹಾಕಬೇಕಾಯಿತು. ಯೋಚಿಸಿ, ಮೊದಲು ಆಡಿದವನಿಗೆ ಒಣ ಗ್ರೀನ್, ಆಮೇಲೆ ಬಂದವನಿಗೆ ಒದ್ದೆ ಗ್ರೀನ್. ಒಬ್ಬ ಆಟಗಾರ ಇಡೀ ಜೀವನ ಕಾದ ವಾರದಲ್ಲಿ ಹೀಗಾಗಬಾರದು. 2018ರಲ್ಲಿ ಅದೇ ಕೋರ್ಸ್‌ನಲ್ಲಿ ಶನಿವಾರ ಮತ್ತೆ ಕೆಲವು ಪಿನ್‌ಗಳು ಕೈಮೀರಿದವು. 13ನೇ ಗ್ರೀನ್‌ನಲ್ಲಿ ಫಿಲ್ ಮಿಕೆಲ್ಸನ್ ಉರುಳುತ್ತಿದ್ದ ಚೆಂಡಿನ ಹಿಂದೆ ಓಡಿ ಅದನ್ನು ಹೊಡೆದು ದಂಡ ತೆತ್ತದ್ದು ಅವತ್ತೇ.

ಗಾಳಿ ಇರುವ ಜಾಗದಲ್ಲಿ ಇದು ಇನ್ನೂ ಸೂಕ್ಷ್ಮ. 2015ರ ಓಪನ್‌ನಲ್ಲಿ ಸೇಂಟ್ ಆಂಡ್ರ್ಯೂಸ್‌ನ ಗ್ರೀನ್‌ಗಳ ಮೇಲೆ ಇಟ್ಟ ಚೆಂಡು ಗಾಳಿಗೆ ಸರಿಯುತ್ತಿತ್ತು. ಶನಿವಾರ ಗಂಟೆಗಟ್ಟಲೆ ಆಟ ನಿಂತು, ಟೂರ್ನಮೆಂಟ್ ಮುಗಿದದ್ದು ಸೋಮವಾರ. ಗಾಳಿಯ ಕೋರ್ಸ್ ಆರಿಸಿದರೆ ಗ್ರೀನ್ ವೇಗ ಕಡಿಮೆ ಇಡುವ ಧೈರ್ಯವೂ ನಿಮಗಿರಬೇಕು.

ಹೆಜ್ಜೆ 6: ಉದ್ದಕ್ಕೆ ಮರುಳಾಗಬೇಡಿ

ಎರಡು ಕೋರ್ಸ್ ಪಕ್ಕಪಕ್ಕ ಇಟ್ಟು ನೋಡಿ. 2013ರಲ್ಲಿ ಮೆರಿಯನ್ 7,000 ಗಜವೂ ಇರಲಿಲ್ಲ. ಜಸ್ಟಿನ್ ರೋಸ್ ಗೆದ್ದದ್ದು ಪಾರ್‌ಗಿಂತ (ಕೋರ್ಸ್‌ಗೆ ನಿಗದಿಯಾದ ಹೊಡೆತಗಳ ಸಂಖ್ಯೆ) ಒಂದು ಜಾಸ್ತಿ ಹೊಡೆದು. 2017ರಲ್ಲಿ ಎರಿನ್ ಹಿಲ್ಸ್ 7,700 ಗಜ ದಾಟಿತ್ತು. ಬ್ರೂಕ್ಸ್ ಕೆಪ್ಕಾ ಗೆದ್ದದ್ದು ಪಾರ್‌ಗಿಂತ 16 ಕಡಿಮೆ ಹೊಡೆದು. ಎರಿನ್ ಹಿಲ್ಸ್‌ನಲ್ಲಿ ಫೇರ್‌ವೇ ಅಗಲ, ಮಳೆಗೆ ನೆಲ ಮೆತ್ತಗೆ, ಗಾಳಿ ಹೆಚ್ಚಾಗಿ ಬರಲಿಲ್ಲ. ಮೆರಿಯನ್‌ನಲ್ಲಿ ಫೇರ್‌ವೇ ಕಿರಿದು, ರಫ್ (ಅಕ್ಕಪಕ್ಕದ ಉದ್ದ ಹುಲ್ಲು) ದಟ್ಟ, ಗ್ರೀನ್‌ಗೆ ಯಾವ ಬದಿಯಿಂದ ಬರಬೇಕು ಅನ್ನುವುದು ಪ್ರತಿ ಹೋಲ್‌ನಲ್ಲೂ ಪ್ರಶ್ನೆ.

ಹಾಗಾಗಿ ಟೀ ಮೇಲೆ ನಿಂತು ಗಜ ಎಣಿಸುವ ಬದಲು 290ರಿಂದ 330 ಗಜದ ನಡುವೆ ಹೋಗಿ ನಿಲ್ಲಿ. ಇವತ್ತಿನ ಆಟಗಾರರ ಡ್ರೈವ್ ಬೀಳುವುದು ಅಲ್ಲೇ. ಆ ಜಾಗದಲ್ಲಿ ಏನಿದೆ? ಬಂಕರ್ (ಮರಳು ಗುಂಡಿ), ತಿರುವು, ಇಳಿಜಾರು ಏನಾದರೂ ಇದೆಯಾ, ಅಥವಾ ಹಳೆಯ ಬಂಕರ್‌ಗಳೆಲ್ಲ 250 ಗಜದಲ್ಲಿ ಸುಮ್ನೆ ಬಿದ್ದಿವೆಯಾ? ಮಹಿಳೆಯರ ಟೂರ್ನಮೆಂಟ್ ಆದರೆ ಇದೇ ಲೆಕ್ಕವನ್ನು ಅವರ ದೂರಕ್ಕೆ ಹೊಸದಾಗಿ ಹಾಕಿ. ಗಂಡಸರ ಟೀಯನ್ನು ಅಂದಾಜಿಗೆ ಮುಂದೆ ತಂದರೆ ಆಗುವುದಿಲ್ಲ. 2014ರಲ್ಲಿ ಪೈನ್‌ಹರ್ಸ್ಟ್ ನಂ. 2 ಒಂದರ ಹಿಂದೆ ಒಂದು ವಾರ ಗಂಡಸರ ಮತ್ತು ಹೆಂಗಸರ ಯುಎಸ್ ಓಪನ್ ಎರಡನ್ನೂ ನಡೆಸಿಕೊಟ್ಟಿತು. ಮಾರ್ಟಿನ್ ಕೈಮರ್, ಮಿಶೆಲ್ ವೀ ಗೆದ್ದರು. ಒಂದೇ ನೆಲ ಇಬ್ಬರಿಗೂ ನಿಜವಾದ ಪರೀಕ್ಷೆ ಆಗಬಲ್ಲದು ಅಂತ ಆ ಎರಡು ವಾರ ತೋರಿಸಿದವು.

ಇನ್ನೊಂದು ಸಣ್ಣ ಪರೀಕ್ಷೆ: ನಿಯಮದ ಗೊಂದಲ ಹುಟ್ಟುವ ಜಾಗ ಹುಡುಕಿ. ವಿಸ್ಲಿಂಗ್ ಸ್ಟ್ರೇಟ್ಸ್‌ನಲ್ಲಿ ಸುಮಾರು ಸಾವಿರ ಬಂಕರ್‌ಗಳಿವೆ, ಎಷ್ಟೋ ಹಗ್ಗದ ಆಚೆ, ಜನರ ಕಾಲ ಕೆಳಗೆ. 2010ರ ಪಿಜಿಎ ಚಾಂಪಿಯನ್‌ಶಿಪ್‌ನ ಕೊನೆಯ ಹೋಲ್‌ನಲ್ಲಿ ಡಸ್ಟಿನ್ ಜಾನ್ಸನ್ ತಾನು ನಿಂತದ್ದು ಬಂಕರ್ ಅಂತ ತಿಳಿಯದೆ ಕ್ಲಬ್ ನೆಲಕ್ಕೆ ತಾಗಿಸಿದ. ಎರಡು ಹೊಡೆತ ದಂಡ, ಸಮ ಬಂದವರ ನಡುವಿನ ಪ್ಲೇಆಫ್ ಕೈತಪ್ಪಿತು.

ಹೆಜ್ಜೆ 7: ಸಿಡಿಲು ಬಂದರೆ ಜನ ಎಲ್ಲಿ ಹೋಗುತ್ತಾರೆ?

1991ರ ಯುಎಸ್ ಓಪನ್‌ನಲ್ಲಿ, ಹೇಝಲ್ಟೀನ್‌ನಲ್ಲಿ, ಮರದಡಿ ಆಶ್ರಯ ಪಡೆದ ಆರು ಪ್ರೇಕ್ಷಕರಿಗೆ ಸಿಡಿಲು ಬಡಿಯಿತು. ಒಬ್ಬರು ತೀರಿಕೊಂಡರು. ಆಟ ನೋಡಲು ಬಂದವರು ಮನೆಗೆ ಹೋಗಲಿಲ್ಲ ಅನ್ನುವುದಕ್ಕಿಂತ ದೊಡ್ಡ ಸೋಲು ಯಾವುದಿದೆ? ಕೋರ್ಸ್‌ನ ಅತಿ ದೂರದ ಮೂಲೆಯಿಂದ ಗಟ್ಟಿ ಕಟ್ಟಡ ಅಥವಾ ಬಸ್‌ಗೆ ನಡೆದು ನೋಡಿ, ಗಡಿಯಾರ ಹಿಡಿದು. ಹವಾಮಾನ ನೋಡುವವರು ಅದಕ್ಕಿಂತ ಮೊದಲೇ ಎಚ್ಚರಿಸಲು ಸಾಧ್ಯವಾ ಅಂತ ಕೇಳಿ. ಆಗುವುದಿಲ್ಲ ಅಂದರೆ ಆ ಕೋರ್ಸ್ ಬೇಡ.

ಹೆಜ್ಜೆ 8: ಕ್ಲಬ್ಬಿನ ಬಾಗಿಲು ಯಾರಿಗೆ ತೆರೆದಿದೆ?

ಈ ಪ್ರಶ್ನೆಯನ್ನು ಮೊದಲ ಭೇಟಿಯಲ್ಲೇ ಕೇಳಿ, ಮುಜುಗರ ಬೇಡ. 1990ರಲ್ಲಿ ಪಿಜಿಎ ಚಾಂಪಿಯನ್‌ಶಿಪ್‌ಗೆ ಆಯ್ಕೆಯಾಗಿದ್ದ ಶೋಲ್ ಕ್ರೀಕ್‌ನಲ್ಲಿ ಕರಿಯ ಸದಸ್ಯರೇ ಇರಲಿಲ್ಲ. ಪ್ರತಿಭಟನೆ ಎದ್ದಿತು, ಜಾಹೀರಾತುದಾರರು ಹಿಂದೆ ಸರಿದರು. ಆಮೇಲೆ ಭೇದ ಮಾಡುವ ಕ್ಲಬ್‌ಗಳಿಗೆ ಟೂರ್ನಮೆಂಟ್ ಕೊಡುವುದಿಲ್ಲ ಅಂತ ನಿಯಮ ಬಂತು. 2016ರಲ್ಲಿ ಮ್ಯೂರ್‌ಫೀಲ್ಡ್ ಸದಸ್ಯರ ಮತದಾನದಲ್ಲಿ ಮಹಿಳೆಯರನ್ನು ಸೇರಿಸಿಕೊಳ್ಳಲು ಬೇಕಿದ್ದ ಮೂರನೇ ಎರಡರಷ್ಟು ಮತ ಸಿಗಲಿಲ್ಲ. ಓಪನ್ ನಡೆಸುವ ಆರ್ ಆಂಡ್ ಎ ಸಂಸ್ಥೆ ಅದೇ ದಿನ ಆ ಕೋರ್ಸನ್ನು ಓಪನ್ ಪಟ್ಟಿಯಿಂದ ಕೈಬಿಟ್ಟಿತು. ಮರುವರ್ಷ ಮತ್ತೆ ಮತ ಹಾಕಿ ಒಪ್ಪಿದರು. 2022ರಲ್ಲಿ ಮಹಿಳೆಯರ ಓಪನ್ ಅಲ್ಲೇ ನಡೆಯಿತು. ಮನಸ್ಸು ಬದಲಾಗಲು ಒಂದು ಸ್ಪಷ್ಟ "ಇಲ್ಲ" ಸಾಕಾಯಿತು ನೋಡಿ.

ಸಾರ್ವಜನಿಕ ಕೋರ್ಸ್‌ಗಳ ಮೇಲೆ ನನಗೆ ತುಸು ಪ್ರೀತಿ ಜಾಸ್ತಿ, ಅದನ್ನು ಮುಚ್ಚಿಡುವುದಿಲ್ಲ. ನ್ಯೂಯಾರ್ಕ್ ರಾಜ್ಯದ ಉದ್ಯಾನದೊಳಗಿನ ಬೆತ್‌ಪೇಜ್ ಬ್ಲ್ಯಾಕ್‌ನಲ್ಲಿ ಯಾರು ಬೇಕಾದರೂ ಹಣ ಕೊಟ್ಟು ಆಡಬಹುದು. 2002ರ ಯುಎಸ್ ಓಪನ್, 2019ರ ಪಿಜಿಎ, 2025ರ ರೈಡರ್ ಕಪ್ ನಡೆದದ್ದು ಅಲ್ಲಿ. ಟಿವಿಯಲ್ಲಿ ನೋಡಿದ ಹೊಡೆತವನ್ನು ಮುಂದಿನ ತಿಂಗಳು ಅದೇ ಜಾಗದಲ್ಲಿ ನಿಂತು ತಾನೂ ಪ್ರಯತ್ನಿಸಬಹುದು ಅನ್ನುವ ಖುಷಿ ಬೇರೆ ಕಡೆ ಸಿಗುವುದಿಲ್ಲ.

ಹೆಜ್ಜೆ 9: ಚಿಕ್ಕ ಟೂರ್ನಮೆಂಟ್ ಕೊಟ್ಟು ನೋಡಿ

ಮೆರಿಯನ್‌ಗೆ 2005ರಲ್ಲಿ ಯುಎಸ್ ಅಮೆಚೂರ್, 2009ರಲ್ಲಿ ವಾಕರ್ ಕಪ್ (ಎರಡೂ ಹವ್ಯಾಸಿ ಆಟಗಾರರವು) ಕೊಟ್ಟ ಮೇಲೆ 2013ರ ಯುಎಸ್ ಓಪನ್ ನಡೆಸಿದರು. ಗ್ರೀನ್ ಹೇಗೆ ತಾಳುತ್ತದೆ, ಸಿಬ್ಬಂದಿ ಎಷ್ಟು ಗಟ್ಟಿ ಅನ್ನುವುದು ಇದರಲ್ಲಿ ಗೊತ್ತಾಗುತ್ತದೆ. ಜನಸಂದಣಿ ಮಾತ್ರ ಗೊತ್ತಾಗುವುದಿಲ್ಲ. ಚೇಂಬರ್ಸ್ ಬೇಯಲ್ಲೂ 2010ರಲ್ಲಿ ಅಮೆಚೂರ್ ನಡೆದಿತ್ತು. ಐದು ವರ್ಷದ ನಂತರ ಬಂದ ಜನಸಾಗರ ಹೇಗಿರುತ್ತದೆ ಅಂತ ಅದು ಹೇಳಲಿಲ್ಲ.

ಹೆಜ್ಜೆ 10: ಅಂಕ ಕೂಡಿಸಬೇಡಿ

ಇಷ್ಟೂ ಆದ ಮೇಲೆ ಸಮಿತಿಗಳು ಸಾಮಾನ್ಯವಾಗಿ ಒಂದೊಂದಕ್ಕೂ ಹತ್ತರಲ್ಲಿ ಅಂಕ ಕೊಟ್ಟು ಒಟ್ಟು ಮಾಡುತ್ತವೆ. ಅದು ತಪ್ಪು ದಾರಿ. ಗ್ರೀನ್‌ಗೆ ಹತ್ತು, ನೋಟಕ್ಕೆ ಹತ್ತು ಸಿಕ್ಕಿದ ಕೋರ್ಸ್‌ಗೆ ಸಿಡಿಲಿನ ಆಶ್ರಯದಲ್ಲಿ ಒಂದೇ ಅಂಕ ಬಂದರೂ ಒಟ್ಟಿನಲ್ಲಿ ಅದೇ ಮೇಲೆ ನಿಂತುಬಿಡುತ್ತದೆ. ಸುರಕ್ಷತೆ, ಭೇದವಿಲ್ಲದ ಪ್ರವೇಶ, ರಸ್ತೆ, ನೀರು ಈ ನಾಲ್ಕನ್ನು ಬಾಗಿಲು ಅಂತ ಇಟ್ಟುಕೊಳ್ಳಿ. ನಾಲ್ಕೂ ದಾಟಿದ ಕೋರ್ಸ್‌ಗಳನ್ನು ಮಾತ್ರ ಆಟದ ದೃಷ್ಟಿಯಿಂದ ಹೋಲಿಸಿ. ಆಗ ಗ್ರೀನ್‌ಗಳಿಗೆ ಎಲ್ಲಕ್ಕಿಂತ ಜಾಸ್ತಿ ತೂಕ ಕೊಡಿ.

ಹೆಜ್ಜೆ 11: "ಇಲ್ಲ" ಅಂದವರಿಗೆ ಕಾರಣ ಬರೆದು ಕೊಡಿ

ಇದನ್ನು ಯಾರೂ ಮಾಡುವುದಿಲ್ಲ, ಮಾಡಲೇಬೇಕು. ಏನು ಕಡಿಮೆ, ಎಷ್ಟು ಕಡಿಮೆ, ಏನು ಮಾಡಿದರೆ ಮತ್ತೆ ನೋಡುತ್ತೀರಿ ಅಂತ ಕ್ಲಬ್‌ಗೆ ಸ್ಪಷ್ಟವಾಗಿ ಬರೆಯಿರಿ.

ಉತ್ತರ ಐರ್ಲೆಂಡಿನ ರಾಯಲ್ ಪೋರ್ಟ್‌ರಷ್‌ನಲ್ಲಿ 1951ರಲ್ಲಿ ಓಪನ್ ನಡೆದಿತ್ತು. ಆಮೇಲೆ ದಶಕಗಟ್ಟಲೆ ಅಲ್ಲಿ ಹಿಂಸೆ. ಶಾಂತಿ ಬಂದ ಮೇಲೂ ಒಂದು ಕೊರತೆ ಉಳಿದಿತ್ತು, ಜನರಿಗೆ ಜಾಗ. ಕ್ಲಬ್‌ನವರು 17 ಮತ್ತು 18ನೇ ಹೋಲ್‌ಗಳನ್ನೇ ಬಿಟ್ಟುಕೊಟ್ಟರು. ಬದಲಿಗೆ ಪಕ್ಕದ ವ್ಯಾಲಿ ಕೋರ್ಸ್‌ನ ಮರಳು ದಿಬ್ಬಗಳ ನಡುವೆ ಹೊಸ 7 ಮತ್ತು 8ನೇ ಹೋಲ್ ಕಟ್ಟಿದರು. ಕ್ಲಬ್‌ನ ಸದಸ್ಯರು ಹುಟ್ಟಿದಾಗಿನಿಂದ ಆಡಿದ್ದ ಕೊನೆಯ ಎರಡು ಹೋಲ್‌ಗಳ ನೆಲದ ಮೇಲೆ 2019ರಲ್ಲಿ ಪ್ರೇಕ್ಷಕರ ಟೆಂಟ್‌ಗಳು ಎದ್ದವು. 68 ವರ್ಷದ ನಂತರ ಓಪನ್ ವಾಪಸ್ ಬಂತು. ಭಾನುವಾರ ಸಂಜೆ ಮಳೆಯಲ್ಲಿ, ಐರ್ಲೆಂಡಿನವನೇ ಆದ ಶೇನ್ ಲೌರಿ ಆರು ಹೊಡೆತಗಳ ಅಂತರದಲ್ಲಿ ಗೆದ್ದು ಕೊನೆಯ ಗ್ರೀನ್‌ಗೆ ನಡೆದು ಬಂದಾಗ ಫೇರ್‌ವೇಯ ಎರಡೂ ಬದಿಗೆ ಜನ ಸಾಲುಗಟ್ಟಿ ನಿಂತಿದ್ದರು. ಆರೇ ವರ್ಷಕ್ಕೆ, 2025ರಲ್ಲಿ, ಓಪನ್ ಅಲ್ಲಿಗೆ ಮತ್ತೆ ಬಂತು.